ಬಣ್ಣವನ್ನು ಉಳಿಸಿದ ಚಿತ್ರಕಾರ

ಚಿತ್ರಕಲೆಯ ಚರಿತ್ರೆಯನ್ನು ಬರೆಯುವವರು ಕುಂಚವನ್ನು ಮರೆಯುವುದಿಲ್ಲ, ಬೆಳಕನ್ನು ಮರೆಯುವುದಿಲ್ಲ, ಕಲಾವಿದನ ಬಡತನವನ್ನಂತೂ ಎಂದಿಗೂ ಮರೆಯುವುದಿಲ್ಲ. ಆದರೆ ಬಣ್ಣವನ್ನು ತುಂಬಿಡುವ ಪಾತ್ರೆಯನ್ನು ಮಾತ್ರ ಬಹುಮಂದಿ ಮರೆತುಬಿಡುತ್ತಾರೆ. ಆ ಪಾತ್ರೆಯನ್ನು ಕುರಿತು ಚಿಂತಿಸಿದವನು ಜಾನ್ ಗಾಫ್ ರ‍್ಯಾಂಡ್. ಆತನು ಬರೆದ ಭಾವಚಿತ್ರಗಳನ್ನು ಇಂದು ಹುಡುಕಿಕೊಂಡು ಹೋಗಿ ನೋಡುವವರು ವಿರಳ. ಆತನು ಕಲ್ಪಿಸಿದ ವಸ್ತುವಾದರೋ ಭೂಮಂಡಲದ ಮನೆಮನೆಯಲ್ಲಿಯೂ ಪ್ರತಿದಿನ ಬೆಳಗ್ಗೆ ಮನುಷ್ಯನ ಕೈಗೆ ಬರುತ್ತದೆ. ಈ ವಿಪರ್ಯಾಸವೇ ನಾನು ಆತನನ್ನು ಕುರಿತು ನಾಲ್ಕು ಮಾತು ಬರೆಯುವುದಕ್ಕೆ ಕಾರಣ.

ರ‍್ಯಾಂಡ್ ಹುಟ್ಟಿದ್ದು 1801ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಬೆಡ್‌ಫರ್ಡ್ ಎಂಬ ಊರಿನಲ್ಲಿ. ಎಳೆಯ ವಯಸ್ಸಿನಲ್ಲಿ ಮರದ ಪೀಠೋಪಕರಣಗಳನ್ನು ಮಾಡುವ ಕೆಲಸವನ್ನು ಕಲಿತನು. ಅನಂತರ ಚಿತ್ರಕಲೆಯ ಕಡೆಗೆ ಒಲಿದು, ಭಾವಚಿತ್ರಗಳನ್ನು ಬರೆಯುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡು, ಬಾಸ್ಟನ್, ನ್ಯೂಯಾರ್ಕ್ ನಗರಗಳಲ್ಲಿ ದುಡಿದು, ಕೊನೆಗೆ ಲಂಡನ್ನಿಗೆ ಹೋಗಿ ನೆಲೆಸಿದನು. ಬಡಗಿಯ ಕೈ ಮತ್ತು ಚಿತ್ರಕಾರನ ಕಣ್ಣು ಒಬ್ಬನಲ್ಲಿಯೇ ಕೂಡಿದ್ದುದು ಮುಂದಿನ ಕಥೆಗೆ ಮುಖ್ಯವೆಂದು ನನಗೆ ತೋರುತ್ತದೆ. ಕೇವಲ ಚಿತ್ರಕಾರನಾಗಿದ್ದರೆ ಆತನು ಕಷ್ಟವನ್ನು ಅನುಭವಿಸಿ ಸುಮ್ಮನಾಗುತ್ತಿದ್ದನು. ಕೇವಲ ಬಡಗಿಯಾಗಿದ್ದರೆ ಆ ಕಷ್ಟವೇನೆಂಬುದೇ ಆತನಿಗೆ ತಿಳಿಯುತ್ತಿರಲಿಲ್ಲ.

ಆ ಕಷ್ಟ ಯಾವುದು? ತೈಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಂತಹ ಎಣ್ಣೆಯಲ್ಲಿ ಕಲಸಿದ ಮುದ್ದೆ. ನಾವು ಗಂಧ ತೇಯುವ ಹಾಗೆ ಅದನ್ನು ಕಲ್ಲಿನ ಮೇಲೆ ತಾಳ್ಮೆಯಿಂದ ಅರೆಯಬೇಕು. ಈ ಎಣ್ಣೆ ಒಣಗುವ ರೀತಿ ನೀರು ಒಣಗುವ ರೀತಿಯಲ್ಲ. ನೀರು ಆವಿಯಾಗಿ ಹೋಗುತ್ತದೆ. ಅಗಸೆ ಎಣ್ಣೆಯಾದರೋ ಗಾಳಿಯಲ್ಲಿನ ಆಮ್ಲಜನಕವನ್ನು ತನ್ನೊಳಗೆ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ಆದುದರಿಂದ ಗಾಳಿ ಸೋಕಿದರೆ ಸಾಕು, ಬಣ್ಣ ಕೆಟ್ಟಿತೆಂದೇ ಲೆಕ್ಕ. ಗಾಳಿಯನ್ನು ದೂರವಿಡುವುದಕ್ಕಾಗಿ ಅಂದಿನವರು ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ, ಬಾಯಿಗೆ ದಾರ ಕಟ್ಟಿ ಮಾರುತ್ತಿದ್ದರು. ಚಿತ್ರಕಾರನು ಆ ಪುಟ್ಟ ಚೀಲವನ್ನು ಮೊಳೆಯಿಂದ ಚುಚ್ಚಿ, ಬೇಕಾದಷ್ಟು ಬಣ್ಣವನ್ನು ಹಿಂಡಿಕೊಂಡು, ತೂತನ್ನು ಅದೇ ಮೊಳೆಯಿಂದ ಮುಚ್ಚುತ್ತಿದ್ದನು. ತೂತು ಸರಿಯಾಗಿ ಮುಚ್ಚುತ್ತಿರಲಿಲ್ಲ. ಚೀಲ ಕೆಲವೊಮ್ಮೆ ಒಡೆದು ಬಟ್ಟೆಬರೆಗಳ ಮೇಲೆಲ್ಲ ಚೆಲ್ಲುತ್ತಿತ್ತು. ಒಮ್ಮೆ ಚುಚ್ಚಿದ ಮೇಲೆ ಉಳಿದ ಬಣ್ಣದ ಆಯುಷ್ಯ ಅಲ್ಪವೇ.

ಈ ನಷ್ಟ ಸಣ್ಣದೆಂದು ಭಾವಿಸಬಾರದು. ಆಫ್ಘಾನಿಸ್ಥಾನದ ಬದಕ್ಷಾನದಿಂದ ಬರುತ್ತಿದ್ದ ನೀಲಶಿಲೆಯನ್ನು ಅರೆದು ಮಾಡುತ್ತಿದ್ದ ನೀಲಿಬಣ್ಣ ಶತಮಾನಗಳ ಕಾಲ ಚಿನ್ನದೊಡನೆ ತೂಗುವಷ್ಟು ದುಬಾರಿಯಾಗಿತ್ತು. 1828ರ ಸುಮಾರಿಗೆ ಫ್ರಾನ್ಸಿನ ಗಿಮೆ ಎಂಬುವನು ಕೃತಕವಾಗಿ ಆ ನೀಲಿಯನ್ನು ತಯಾರಿಸಿದ ಮೇಲೆ ಬೆಲೆ ಇಳಿಯಿತು, ನಿಜ. ಆದರೂ ಒಳ್ಳೆಯ ಬಣ್ಣ ಬಡ ಕಲಾವಿದನಿಗೆ ಎಂದೂ ಅಗ್ಗವಾಗಿರಲಿಲ್ಲ. ಚೀಲದ ತಳದಲ್ಲಿ ಒಣಗಿ ಕಲ್ಲಾದ ಬಣ್ಣ ಆತನ ಊಟದ ಹಣವೇ ಆಗಿತ್ತು.

ಇದಕ್ಕೆ ಪರಿಹಾರ ಹುಡುಕಿದವನು ರ‍್ಯಾಂಡ್ ಒಬ್ಬನೇ ಅಲ್ಲ. ಲಂಡನ್ನಿನಲ್ಲಿ 1832ರಿಂದ ಬಣ್ಣದ ವ್ಯಾಪಾರ ನಡೆಸುತ್ತಿದ್ದ ವಿನ್ಸರ್ ಮತ್ತು ನ್ಯೂಟನ್ ಎಂಬ ಪಾಲುದಾರರಲ್ಲಿ ವಿನ್ಸರನು 1840ರಲ್ಲಿ ಗಾಜಿನ ಪಿಚಕಾರಿಯಲ್ಲಿ ಬಣ್ಣ ತುಂಬುವ ಉಪಾಯ ಮಾಡಿದನು. ಅದರಿಂದ ಬಣ್ಣ ಶುಚಿಯಾಗಿ ಹೊರಬರುತ್ತಿತ್ತು. ಆದರೆ ಗಾಜು ಒಡೆಯುವ ವಸ್ತು, ಬೆಲೆಯೂ ಹೆಚ್ಚು. ಮರುವರ್ಷವೇ ರ‍್ಯಾಂಡನು ತನ್ನ ಉತ್ತರವನ್ನು ಮುಂದಿಟ್ಟನು. 1841ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿಯೂ, ಅದೇ ವರ್ಷದ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿಯೂ ಅದಕ್ಕೆ ಪೇಟೆಂಟ್ ದೊರೆಯಿತು. ಅಮೆರಿಕದ ಪೇಟೆಂಟಿನ ಸಂಖ್ಯೆ 2252.

ಆತನ ಉತ್ತರ ಅತ್ಯಂತ ಸರಳ: ತೆಳುವಾದ ತವರದ ಕೊಳವೆ. ಆ ಸರಳತೆಯ ಹಿಂದಿರುವ ವಿವೇಕವನ್ನು ವಾಚಕರು ಗಮನಿಸಬೇಕು. ತವರ ಮೃದುವಾದ ಲೋಹ. ಬೆರಳಿನಿಂದ ಒತ್ತಿದರೆ ಬಗ್ಗುತ್ತದೆ, ಬಗ್ಗಿದ ಮೇಲೆ ಹಾಗೆಯೇ ನಿಲ್ಲುತ್ತದೆ, ರಬ್ಬರಿನ ಹಾಗೆ ಮರಳಿ ಹಿಗ್ಗುವುದಿಲ್ಲ. ಹಿಗ್ಗಿದ್ದರೆ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬಣ್ಣ ಮತ್ತೆ ಕೆಡುತ್ತಿತ್ತು. ರ‍್ಯಾಂಡನ ಕೊಳವೆಯಲ್ಲಿಯಾದರೋ ಎಷ್ಟು ಬಣ್ಣ ಹೊರಗೆ ಹೋಯಿತೋ ಅಷ್ಟು ಮಟ್ಟಿಗೆ ಪಾತ್ರೆಯೇ ಕುಗ್ಗುತ್ತದೆ. ಬಾಯನ್ನು ಬಿಗಿಯಾಗಿ ಮುಚ್ಚಿದರೆ ಉಳಿದ ಬಣ್ಣ ಹೊಸದರಂತೆಯೇ ಇರುತ್ತದೆ. ಬುಡದಿಂದ ಸುರುಳಿ ಸುತ್ತುತ್ತ ಬಂದರೆ ಕೊನೆಯ ಬೊಟ್ಟಿನವರೆಗೆ ಬಣ್ಣ ಕೈಗೆ ದಕ್ಕುತ್ತದೆ. ಒಳಗಿರುವ ವಸ್ತುವಿನೊಡನೆ ತಾನೂ ಕರಗುತ್ತ ಹೋಗುವ ಪಾತ್ರೆ! ಜಿಪುಣತನವೂ ಜಾಣತನವೂ ಇಷ್ಟು ಸೊಗಸಾಗಿ ಕೈಹಿಡಿದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮೊದಮೊದಲು ಬೆಲೆ ಹೆಚ್ಚೆಂದು ಚಿತ್ರಕಾರರು ಹಿಂಜರಿದರು. ಚರ್ಮದ ಚೀಲಗಳು ಇನ್ನೂ ಕೆಲವು ಕಾಲ ಅಂಗಡಿಗಳಲ್ಲಿ ಉಳಿದವು. ಕ್ರಮೇಣ ಕೊಳವೆ ಗೆದ್ದಿತು. ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ, ನದೀತೀರಕ್ಕೆ, ಕಡಲದಂಡೆಗೆ ಹೋಗಿ, ಅಲ್ಲಿಯೇ ನಿಂತು ಚಿತ್ರವನ್ನು ಮುಗಿಸುವುದು ಸುಲಭವಾಯಿತು. ಬಯಲಿನಲ್ಲಿ ಬರೆಯುವ ಅಭ್ಯಾಸವನ್ನೇ ರ‍್ಯಾಂಡನು ಹುಟ್ಟಿಸಿದನೆಂದರೆ ಅತಿಶಯೋಕ್ತಿಯಾದೀತು. ಕಾನ್‌ಸ್ಟಬಲ್, ಕೋರೊ ಮೊದಲಾದವರು ಆತನಿಗಿಂತ ಮುಂಚೆಯೇ ಬಯಲಿನಲ್ಲಿ ತೈಲವರ್ಣದಿಂದ ಬರೆದಿದ್ದರು. ಆದರೆ ಅವರಿಗೆ ಸಾಹಸವಾಗಿದ್ದುದು ಮೊನೆ, ರೆನ್ವಾರ್, ಪಿಸಾರೊ ಅವರ ಪೀಳಿಗೆಗೆ ದಿನಚರಿಯಾಯಿತು. ಕೊಳವೆಗಳಿಲ್ಲದಿದ್ದರೆ ತಮ್ಮ ಮಾರ್ಗವೇ ಸಾಧ್ಯವಾಗುತ್ತಿರಲಿಲ್ಲವೆಂಬುದು ರೆನ್ವಾರನ ಅಭಿಪ್ರಾಯವಾಗಿತ್ತೆಂದು ಆತನ ಮಗ ಜ್ಯಾನ್ 1962ರಲ್ಲಿ ಪ್ರಕಟಿಸಿದ ತಂದೆಯ ಚರಿತ್ರೆಯಲ್ಲಿ ದಾಖಲಿಸಿದ್ದಾನೆ.

ರ‍್ಯಾಂಡನು ಕಾಲಾಂತರದಲ್ಲಿ ತಾಯ್ನಾಡಿಗೆ ಮರಳಿ, ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನ ರಾಸ್ಲಿನ್ ಎಂಬಲ್ಲಿ 1873ರಲ್ಲಿ ತೀರಿಕೊಂಡನು. ಮೊನೆ ಮತ್ತು ಆತನ ಗೆಳೆಯರು ಪ್ಯಾರಿಸಿನಲ್ಲಿ ತಮ್ಮ ಮೊದಲನೆಯ ಪ್ರದರ್ಶನವನ್ನು ಏರ್ಪಡಿಸಿದ್ದು 1874ರಲ್ಲಿ. ಒಂದೇ ವರ್ಷದ ಅಂತರ! ತನ್ನ ಕೊಳವೆಗಳಿಂದ ಹರಿದ ಬಣ್ಣ ಲೋಕದ ಕಣ್ಣನ್ನೇ ಬದಲಾಯಿಸಿದ ಆ ದಿನವನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ.

ಕೊಳವೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ ದಂತವೈದ್ಯ ವಾಷಿಂಗ್ಟನ್ ಶೆಫೀಲ್ಡ್ 1890ರ ದಶಕದ ಆರಂಭದಲ್ಲಿ ಹಲ್ಲುಜ್ಜುವ ಪೇಸ್ಟನ್ನು ಅಂತಹುದೇ ಕೊಳವೆಯಲ್ಲಿ ತುಂಬಿ ಮಾರಿದನು. 1896ರಲ್ಲಿ ಕೋಲ್ಗೇಟ್ ಸಂಸ್ಥೆಯೂ ಆ ದಾರಿಯನ್ನು ಹಿಡಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತವರದ ಅಭಾವ ಉಂಟಾದಾಗ, 1942ರಲ್ಲಿ, ಹಳೆಯ ಕೊಳವೆಯನ್ನು ಹಿಂದಿರುಗಿಸಿದವರಿಗೆ ಮಾತ್ರ ಹೊಸದನ್ನು ಕೊಡಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದಿತು. ಒಳಗಿನ ವಸ್ತುವಿಗಿಂತ ಹೊರಗಿನ ಹೊದಿಕೆಯೇ ಬೆಲೆಯುಳ್ಳದ್ದಾಯಿತು.

ಇಂದು ಲೋಹದ ಜಾಗಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ ಬಂದಿದೆ. ಅದು ಒಡೆಯುವುದಿಲ್ಲ, ಸೀಳುವುದಿಲ್ಲ. ಆದರೆ ಒತ್ತಿದ ಬೆರಳನ್ನು ತೆಗೆದೊಡನೆ ಮತ್ತೆ ಹಿಗ್ಗುತ್ತದೆ, ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಒಳಗಿನದನ್ನು ಗೋಡೆಗೆ ಅಂಟಿಸಿಕೊಂಡು ಕುಳಿತುಕೊಳ್ಳುತ್ತದೆ. ಹಾಗಾಗಿ ನಮ್ಮ ಗೃಹಿಣಿಯರು ಕೊನೆಗೆ ಕತ್ತರಿ ಹಿಡಿಯುತ್ತಾರೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಂಶೋಧಕರು 2012ರಲ್ಲಿ, ಸೀಸೆಯ ಒಳಮೈಗೆ ಜಾರುವ ಲೇಪವನ್ನು ಬಳಿದು, ಗಟ್ಟಿಯಾದ ಸಾಸ್ ಕೂಡ ಪೂರ್ತಿಯಾಗಿ ಜಾರಿ ಹೊರಬರುವಂತೆ ಮಾಡಿ ತೋರಿಸಿದರು. ಅವರ ವಿಜ್ಞಾನ ನೂತನ. ಅವರ ಚಿಂತೆ ಮಾತ್ರ ರ‍್ಯಾಂಡನದೇ.

ಚಿಕ್ಕ ನಷ್ಟವನ್ನು ಕುರಿತು ಯೋಚಿಸುವವನನ್ನು ಲೋಕ ಚಿಕ್ಕವನೆಂದು ಬಗೆಯುವುದುಂಟು. ನಾನು ಹಾಗೆ ಬಗೆಯಲಾರೆ. ರ‍್ಯಾಂಡನು ಮಹಾಚಿತ್ರವೊಂದನ್ನು ಬಿಟ್ಟುಹೋಗಲಿಲ್ಲ. ತನ್ನಂತಹ ಸಾಮಾನ್ಯ ಚಿತ್ರಕಾರನ ಬಣ್ಣ ವ್ಯರ್ಥವಾಗಬಾರದೆಂದು ಆತನು ಪಟ್ಟ ಶ್ರಮದ ಫಲ, ಆತನಿಗಿಂತ ದೊಡ್ಡವರ ಕೈಯಲ್ಲಿ ಸೂರ್ಯೋದಯವಾಗಿ, ಗೋಧಿಯ ಹೊಲವಾಗಿ, ನೀರಿನ ಮೇಲಣ ತಾವರೆಯಾಗಿ ಅರಳಿತು. ಕಲೆಯ ದೇಗುಲದಲ್ಲಿ ಶಿಲ್ಪಿಗೆ ಮಾತ್ರವಲ್ಲ, ಎಣ್ಣೆ ಚೆಲ್ಲದಂತೆ ದೀಪವನ್ನು ಕಾದವನಿಗೂ ಸ್ಥಾನ ಸಲ್ಲಬೇಕು.