ಕಣ್ಣಿನಿಂದ ಕೇಳಿದ ನಟ

ಮನುಷ್ಯನ ಗುಣವು ಅವನ ಉಡಿಗೆತೊಡಿಗೆಗಿಂತಲೂ ಹೆಚ್ಚಾಗಿ ಅವನ ದನಿಯಲ್ಲಿಯೂ ನಡಿಗೆಯಲ್ಲಿಯೂ ಪ್ರಕಟವಾಗುವುದು. ರಂಗದ ಮೇಲೆ ನಿಲ್ಲುವವರಿಗೆ ಇವೆರಡೇ ಮುಖ್ಯ ಸಾಧನಗಳು. ಇವುಗಳಲ್ಲಿ ದನಿಯನ್ನು ತಿದ್ದುವ ಗುರುವು ಕಿವಿಯೇ ಸರಿ. ಆ ಗುರುವಿನ ನೆರವು ಅತ್ಯಲ್ಪವಾಗಿದ್ದರೂ ಕನ್ನಡ ನಾಡಿನಲ್ಲಿ ಶ್ರೇಷ್ಠ ನಟರೆನಿಸಿದವರು ಟಿ. ಎನ್. ಬಾಲಕೃಷ್ಣನವರು. ಇವರ ಜೀವಿತವು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಮನನೀಯವೆಂದು ನಾವು ಭಾವಿಸಿ ಇಲ್ಲಿ ಬರೆದಿರುತ್ತೇವೆ.

ಇವರು ಹಾಸನ ಸೀಮೆಯ ಅರಸೀಕೆರೆಯವರು. ಬಡತನದಲ್ಲಿ ಬೆಳೆದರು. ಶ್ರವಣಶಕ್ತಿಯು ಬಹಳವಾಗಿ ಕುಂದಿದ್ದಿತು. ಹೀಗಿದ್ದರೂ ನಾಟಕ ಮಂಡಲಿಗಳಲ್ಲಿ ಪಳಗಿ, 1943ರಲ್ಲಿ ‘ರಾಧಾರಮಣ’ವೆಂಬ ಚಿತ್ರದ ಮೂಲಕ ಬೆಳ್ಳಿತೆರೆಯನ್ನು ಪ್ರವೇಶಿಸಿದರು.

ಎದುರಿನ ಪಾತ್ರಧಾರಿಯ ಮಾತು ಮುಗಿದುದನ್ನು ಇವರು ಹೇಗೆ ತಿಳಿಯುತ್ತಿದ್ದರು? ತುಟಿಗಳ ಚಲನೆಯನ್ನು ನೋಡಿ. ಇದು ಸುಲಭವಾದ ವಿದ್ಯೆಯಲ್ಲ. ಪ, ಬ, ಮ ಎಂಬ ಅಕ್ಷರಗಳನ್ನು ಕನ್ನಡಿಯ ಮುಂದೆ ನಿಂತು ಉಚ್ಚರಿಸಿದರೆ ಮೂರಕ್ಕೂ ತುಟಿಗಳು ಒಂದೇ ವಿಧವಾಗಿ ಕೂಡುವುದನ್ನು ಯಾರಾದರೂ ಕಾಣಬಹುದು. ಆದುದರಿಂದ ತುಟಿಯನ್ನು ಓದುವವನು ಕಣ್ಣು, ಹುಬ್ಬು, ಹೆಗಲು, ಕೈಗಳನ್ನೂ ಓದಲೇಬೇಕು. ನಾಟಕದ ಸಂದರ್ಭವನ್ನೂ ಚೆನ್ನಾಗಿ ಅರಿತಿರಬೇಕು. ಎದುರಿನವರನ್ನು ಇಷ್ಟು ಎಚ್ಚರದಿಂದ ನೋಡುವವನಿಗೆ ಮನುಷ್ಯಸ್ವಭಾವದ ಪರಿಚಯವು ತಾನಾಗಿಯೇ ಒದಗುವುದಲ್ಲವೆ?

ಅದರ ಫಲವನ್ನು ಇವರ ಪಾತ್ರಗಳಲ್ಲಿ ಕಾಣಬಹುದು. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ಅಂಧ ಗಾಯಕನನ್ನು ವಂಚಿಸುವ ಕುಟಿಲನಾಗಿ ನಟಿಸಿದವರೂ, 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನೆಂಬ ಒಳ್ಳೆಯ ಹಳ್ಳಿಗನಾಗಿ ನಟಿಸಿದವರೂ ಇವರೇ. ನೋಡುವವರು ಒಬ್ಬನನ್ನು ಹಳಿದರು, ಇನ್ನೊಬ್ಬನನ್ನು ತಮ್ಮ ಮನೆಯವನೆಂದೇ ಬಗೆದರು.

ಚಿತ್ರಗಳಲ್ಲಿ ಕೆಲಸವು ವಿರಳವಾದ ಕಾಲದಲ್ಲಿ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಇವರೊಡನೆ ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿ, ಊರೂರು ತಿರುಗಿ ನಾಟಕಗಳನ್ನಾಡಿದರು. ಈ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ನಿರ್ಮಿಸಿತು. ಮುಂದೆ ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಯ ಬಳಿ, ಬಾಲಕೃಷ್ಣನವರು ‘ಅಭಿಮಾನ್’ ಸ್ಟುಡಿಯೋವನ್ನು ಸ್ಥಾಪಿಸಿ ಅದಕ್ಕಾಗಿ ಬಹಳ ಕಷ್ಟಪಟ್ಟರು. 1995ರಲ್ಲಿ ದಿವಂಗತರಾದರು. 2009ರಲ್ಲಿ ನಟ ವಿಷ್ಣುವರ್ಧನರ ಅಂತ್ಯಕ್ರಿಯೆಯು ನಡೆದುದು ಆ ಸ್ಥಳದಲ್ಲಿಯೇ.

ಕರೆದರೆ ತಿರುಗಿ ನೋಡದ ಮಗುವನ್ನು ಮೊಂಡು ಎಂದೂ, ತಡವಾಗಿ ಉತ್ತರಿಸುವ ಬಾಲಿಕೆಯನ್ನು ಮಂದಮತಿ ಎಂದೂ ನಿರ್ಣಯಿಸುವವರು ಈಗಲೂ ಉಂಟು. ತಾಯಂದಿರೇ, ತಂದೆಗಳೇ, ಅಂಥ ಮಗುವಿನ ಕಿವಿಯನ್ನು ಮೊದಲು ವೈದ್ಯರಿಗೆ ತೋರಿಸಿರಿ. ಅದರೊಡನೆ ಮಾತನಾಡುವಾಗ ಬೆಳಕಿಗೆ ಮುಖವೊಡ್ಡಿ, ನಿಧಾನವಾಗಿ ನುಡಿಯಿರಿ. ಆ ಮಗುವು ನಿಮ್ಮನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತಿರುವುದೋ ನೀವು ಅರಿಯಿರಿ.