ಕರ್ನಲ್ ಮೆಕೆಂಜಿ ಮತ್ತು ಕೈಫಿಯತ್ತುಗಳು

ಹಂಪಿಯ ವಿರೂಪಾಕ್ಷ ದೇವಾಲಯದ ಹಿರಿಯ ಗೋಪುರದ ಎದುರಿಗೆ, ಪೂರ್ವದಿಕ್ಕಿಗೆ ನೇರವಾಗಿ ಚಾಚಿರುವ ಅಗಲವಾದ ಬೀದಿಗೆ ಹಂಪಿ ಬಜಾರ್ ಎಂದು ಹೆಸರು. ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಈ ಬೀದಿಯ ಇಕ್ಕೆಲಗಳಲ್ಲಿಯೂ ಕಲ್ಲುಕಂಬದ ಮಂಟಪಗಳು ಸಾಲುಗಟ್ಟಿ ನಿಂತಿವೆ. ಬೀದಿಯ ಕೊನೆಯಲ್ಲಿ ಏಕಶಿಲೆಯ ದೊಡ್ಡ ಬಸವಣ್ಣನು ಸ್ವಾಮಿಯ ಕಡೆಗೆ ಮುಖಮಾಡಿ ಕುಳಿತಿದ್ದಾನೆ. 1800ರ ಸುಮಾರಿಗೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರೊಬ್ಬರು ಅಳತೆಯ ಸಾಧನಗಳೊಡನೆ ಇಲ್ಲಿಗೆ ಬಂದರು. ಅವರೇ ಕಾಲಿನ್ ಮೆಕೆಂಜಿ. ಹಾಳುಬಿದ್ದ ವಿಜಯನಗರದ ಮೊದಲನೆಯ ಭೂಪಟವನ್ನು ಸಿದ್ಧಪಡಿಸಿದವರು ಅವರು.

1565ರಲ್ಲಿ ರಕ್ಕಸತಂಗಡಿಯ ಯುದ್ಧವು ಮುಗಿದ ಮೇಲೆ ಈ ನಗರವು ಸೂರೆಯಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿದ್ದಿತು. ಅರಮನೆಗಳ ಅಡಿಪಾಯದ ಮೇಲೆ ಮುಳ್ಳುಗಿಡಗಳು ಬೆಳೆದಿದ್ದುವು. ಆದರೆ ವಿರೂಪಾಕ್ಷನ ಪೂಜೆ ಮಾತ್ರ ನಿಂತಿರಲಿಲ್ಲ. ಪೋರ್ಚುಗೀಸ್ ಪ್ರವಾಸಿಗಳು ಈ ನಗರವನ್ನು ಕಣ್ಣಾರೆ ಕಂಡು ಬರೆದಿಟ್ಟ ವೃತ್ತಾಂತಗಳು ಇಂಗ್ಲಿಷಿನಲ್ಲಿ ಹೊರಬಂದುದು 1900ರಲ್ಲಿ, ರಾಬರ್ಟ್ ಸಿವೆಲ್ ಅವರ ಗ್ರಂಥದ ಮೂಲಕ. ಆದುದರಿಂದ ಮೆಕೆಂಜಿಯವರ ಕೈಯಲ್ಲಿ ಅಂತಹ ಯಾವ ಪುಸ್ತಕವೂ ಇರಲಿಲ್ಲ. ಅವರು ಕೇಳಿದುದು ವಿರೂಪಾಕ್ಷ ಮತ್ತು ಪಂಪಾದೇವಿಯ ಗುಡಿಗಳ ಅರ್ಚಕರನ್ನು. ಈ ಬೀದಿ ಯಾರದು, ಈ ಗೋಪುರವನ್ನು ಕಟ್ಟಿಸಿದವರು ಯಾರು, ಈ ಕಲ್ಲಿನ ಮೇಲಿರುವ ಬರಹವು ಏನನ್ನು ಹೇಳುತ್ತದೆ ಎಂಬ ಪ್ರಶ್ನೆಗಳಿಗೆ ಮೊದಲ ಉತ್ತರಗಳು ಬಂದುದು ಆ ಅರ್ಚಕರ ನೆನಪಿನಿಂದ.

ಕಾಲಿನ್ ಮೆಕೆಂಜಿ ಹುಟ್ಟಿದುದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಸಣ್ಣ ಬಂದರಿನಲ್ಲಿ. ತರುಣರಾಗಿದ್ದಾಗ ಅಲ್ಲಿಯ ಸುಂಕದ ಕಚೇರಿಯಲ್ಲಿ ಅವರು ಅಧಿಕಾರಿಯಾಗಿದ್ದರು. ಅವರಿಗೆ ಗಣಿತದಲ್ಲಿ ಆಸಕ್ತಿ ಹೆಚ್ಚು. ಲಾಗರಿತಮ್ ಕಂಡುಹಿಡಿದ ಜಾನ್ ನೇಪಿಯರನ ವಂಶದವರೊಬ್ಬರು ಆ ಗಣಿತಜ್ಞನ ಜೀವನಚರಿತ್ರೆಯನ್ನು ಬರೆಯಲು ತೊಡಗಿದ್ದರು. ಹಿಂದೂಗಳ ಗಣಿತಜ್ಞಾನವೇನೆಂಬುದನ್ನು ತಿಳಿಯುವ ಆ ಕೆಲಸದಲ್ಲಿ ಮೆಕೆಂಜಿಯವರೂ ನೆರವಾದರು. ಭಾರತದ ಕಡೆಗೆ ಅವರ ಮನಸ್ಸು ಹರಿದುದು ಹೀಗೆ. 1783ರಲ್ಲಿ, ಮೂವತ್ತರ ಹತ್ತಿರದ ವಯಸ್ಸಿನಲ್ಲಿ, ಅವರು ಮದರಾಸಿಗೆ ಬಂದು ಕಂಪನಿಯ ಸೈನ್ಯವನ್ನು ಸೇರಿದರು. ಅನಂತರ ಮಧುರೆಯಲ್ಲಿ ಕೆಲವು ಕಾಲ ಪಂಡಿತರ ಸಹವಾಸವೂ ದೊರೆಯಿತು. ಮುಂದೆ ಅವರು ಹುಟ್ಟಿದೂರಿಗೆ ಮರಳಿ ಹೋಗಲೇ ಇಲ್ಲ.

ಮೊದಲ ಹದಿಮೂರು ವರ್ಷಗಳು ದಂಡಯಾತ್ರೆ, ಕೋಟೆಯ ಕೆಲಸ, ರಸ್ತೆಯ ಅಳತೆಗಳಲ್ಲಿಯೇ ಕಳೆದುಹೋದುವು. ಟಿಪ್ಪೂ ಸುಲ್ತಾನನ ಮೇಲೆ ಕಂಪನಿಯು ನಡೆಸಿದ ಯುದ್ಧಗಳಲ್ಲಿ ಅವರು ಎಂಜಿನಿಯರಾಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದರು. ಯುದ್ಧ ಮುಗಿದ ಕೂಡಲೇ ಮೈಸೂರು ಸೀಮೆಯನ್ನು ಅಳೆಯುವ ಹೊಣೆ ಅವರ ಪಾಲಿಗೆ ಬಂದಿತು. 1810ರವರೆಗೆ ನಡೆದ ಈ ಕಾರ್ಯದಲ್ಲಿ ಸುಮಾರು 40,000 ಚದರ ಮೈಲಿಗಳ ನಾಡನ್ನು ಅಳೆಯಲಾಯಿತು. ಸಿಬ್ಬಂದಿ ಕಡಿಮೆ, ಹಣವೂ ಕಡಿಮೆ. ಮಲೆನಾಡಿನ ಜ್ವರವು ಅಳತೆಯವರನ್ನು ಹಾಸಿಗೆಗೆ ಕೆಡವುತ್ತಿದ್ದಿತು. ಗೆದ್ದ ನಾಡಿನ ಗಡಿಯನ್ನೂ ಕಂದಾಯವನ್ನೂ ತಿಳಿಯುವುದು ಕಂಪನಿಯ ಉದ್ದೇಶವಾಗಿದ್ದಿತು. ಬೆಟ್ಟ, ಹೊಳೆ, ಕೆರೆ, ಊರುಗಳನ್ನು ಗುರುತಿಸಿದರೆ ಕಂಪನಿಗೆ ಸಾಕಾಗಿದ್ದಿತು. ಮೆಕೆಂಜಿಯವರಿಗೆ ಅಷ್ಟು ಸಾಲದೆ ಹೋಯಿತು. ಊರಿನ ಎಲ್ಲೆಯನ್ನು ಬರೆದುಕೊಂಡ ಮೇಲೆ ಊರಿನ ಕಥೆಯನ್ನೂ ಅವರು ಕೇಳತೊಡಗಿದರು.

ಆ ಕಥೆ ಎಲ್ಲಿತ್ತು? ಅದನ್ನು ತಿಳಿಯಲು ವಿಜಯನಗರದ ಕಾಲಕ್ಕೆ ಸ್ವಲ್ಪ ಹಿಂದಿರುಗಬೇಕು. 1443ರಲ್ಲಿ ಹೆರಾತಿನ ಸುಲ್ತಾನ ಷಾರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಅಬ್ದುರ್ ರಜಾಕನು ಅರಮನೆಯ ಬಳಿ ಕಂಬಗಳ ದೊಡ್ಡ ಚಾವಡಿಯೊಂದನ್ನು ಕಂಡನು. ರಾಜ್ಯದ ಲೆಕ್ಕಪತ್ರಗಳನ್ನು ಅಲ್ಲಿ ಇಡುತ್ತಿದ್ದರು; ಬರಹಗಾರರು ಅಲ್ಲಿ ಕುಳಿತು ಬರೆಯುತ್ತಿದ್ದರು. ಈ ಜನರಲ್ಲಿ ಎರಡು ಬಗೆಯ ಬರವಣಿಗೆಯಿದ್ದುದನ್ನೂ ಅವನು ಗಮನಿಸಿದನು. ಉದ್ದವಾದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರುವುದು ಒಂದು. ಕಪ್ಪುಮಾಡಿದ ಹಾಳೆಯ ಮೇಲೆ ಮೆದುವಾದ ಕಲ್ಲಿನಿಂದ ಬೆಳ್ಳಗೆ ಬರೆಯುವುದು ಮತ್ತೊಂದು. ಮೊದಲನೆಯದು ಓಲೆಗರಿ, ಎರಡನೆಯದು ಕಡತ. ಹುಣಿಸೆಬೀಜದ ಅಂಟಿಗೆ ಇದ್ದಲ ಪುಡಿಯನ್ನು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತದೆ. ಅದರ ಮೇಲೆ ಬಳಪದಿಂದ ಬರೆಯುತ್ತಾರೆ. ಬೇಡವಾದುದನ್ನು ಅಳಿಸಿ ಮತ್ತೆ ಬರೆಯುವ ಅನುಕೂಲವೂ ಅದರಲ್ಲಿದೆ.

ಅಬ್ದುರ್ ರಜಾಕನು ಕಂಡ ಆ ಚಾವಡಿಯಾಗಲಿ ಅದರೊಳಗಿದ್ದ ಲೆಕ್ಕಗಳಾಗಲಿ ಉಳಿಯಲಿಲ್ಲ. ಆದರೆ ಅದೇ ಎರಡು ಬಗೆಯ ಬರವಣಿಗೆಯು ಹಳ್ಳಿ ಹಳ್ಳಿಯ ಶಾನುಭೋಗರ ಮನೆಯ ಅಟ್ಟದ ಮೇಲೆ, ಮಠದ ಪೆಟ್ಟಿಗೆಯಲ್ಲಿ, ಬಸದಿಯ ಭಂಡಾರದಲ್ಲಿ ಬದುಕಿಕೊಂಡಿದ್ದಿತು. ಕೆರೆ ಕಟ್ಟಿಸಿದವರ ಹೆಸರು, ಮಾನ್ಯದ ಭೂಮಿಯ ಎಲ್ಲೆ, ಪಾಳೆಯಗಾರರ ವಂಶಾವಳಿ, ಬರಗಾಲದ ವರ್ಷ, ಗುಡಿಯ ಉತ್ಸವದ ಖರ್ಚು ಎಲ್ಲವೂ ಆ ಕವಿಲೆ ಕಡತಗಳಲ್ಲಿದ್ದುವು. ನಾಡಿನ ದೊಡ್ಡ ಗ್ರಂಥಾಲಯವು ಒಂದು ಕಟ್ಟಡದಲ್ಲಿರದೆ ಸಾವಿರಾರು ಮನೆಗಳಲ್ಲಿ ಹಂಚಿಹೋಗಿದ್ದಿತು ಎನ್ನಬಹುದು. ಗೆದ್ದಲು, ಮಳೆ, ಬೆಂಕಿ ಮತ್ತು ಜನರ ಅಲಕ್ಷ್ಯ, ಇವು ನಾಲ್ಕೂ ಸೇರಿ ಅದನ್ನು ದಿನದಿನಕ್ಕೂ ತಿನ್ನುತ್ತಿದ್ದುವು.

ಮೆಕೆಂಜಿಯವರಿಗೆ ಈ ಬರಹಗಳನ್ನು ಓದಲು ಬರುತ್ತಿರಲಿಲ್ಲ. ದಕ್ಷಿಣದ ಭಾಷೆಗಳಲ್ಲಿ ತಮಗೆ ಪರಿಶ್ರಮವಿಲ್ಲವೆಂಬುದನ್ನು ಅವರು ಮರೆಮಾಡಲೂ ಇಲ್ಲ. ಅವರ ಕೆಲಸವೆಲ್ಲ ನಿಂತುದು ಸಹಾಯಕರ ಮೇಲೆ. ಅವರಲ್ಲಿ ಮೊದಲನೆಯವರು ಏಲೂರಿನ ಕಾವಲಿ ವೆಂಕಟ ಬೊರ್ರಯ್ಯ. 1776ರಲ್ಲಿ ಹುಟ್ಟಿದ ಈ ತರುಣರು ಇಪ್ಪತ್ತರ ವಯಸ್ಸಿನಲ್ಲಿ ಮೆಕೆಂಜಿಯವರನ್ನು ಸೇರಿದರು. ಹಲವು ಭಾಷೆಗಳನ್ನು ಬಲ್ಲ ಅವರು ಹಳೆಯ ಶಾಸನಗಳ ಅಕ್ಷರಗಳನ್ನು ಬಿಡಿಸಿ ಓದುವುದನ್ನು ರೂಢಿಸಿಕೊಂಡರು. ಊರಿನ ಹಿರಿಯರ ವಿಶ್ವಾಸವನ್ನು ಗಳಿಸುವ ನಯವೂ ಅವರಲ್ಲಿದ್ದಿತು. ಬೊರ್ರಯ್ಯನವರು 1803ರಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅವರ ತಮ್ಮ ಲಕ್ಷ್ಮಯ್ಯನವರು ಆ ಭಾರವನ್ನು ಹೊತ್ತು ಕೊನೆಯವರೆಗೂ ನಡೆಸಿದರು. ಇನ್ನೊಬ್ಬ ಸೋದರ ರಾಮಸ್ವಾಮಿಯವರೂ ಜೊತೆಗಿದ್ದರು. ಹಳಗನ್ನಡದ ಶಾಸನಗಳ ವಿಷಯಕ್ಕೆ ಬಂದರೆ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರ ಉಪಕಾರ ಬಹು ದೊಡ್ಡದು. ಕನ್ನಡಿಗರೇ ಓದಲಾರದೆ ಬಿಟ್ಟಿದ್ದ ಅಕ್ಷರಗಳಿಗೆ ಅವರು ಮತ್ತೆ ಬಾಯಿ ಕೊಟ್ಟರು.

ಈ ಸಹಾಯಕರು ಊರೂರು ತಿರುಗಿ ಶಾಸನಗಳನ್ನು ನಕಲು ಮಾಡಿದರು. ಹಸ್ತಪ್ರತಿಗಳನ್ನು ಕೊಂಡರು, ಇಲ್ಲವೆ ಪ್ರತಿ ಮಾಡಿಸಿದರು. ಕರಣಿಕರನ್ನೂ ಮಠಾಧಿಪತಿಗಳನ್ನೂ ಕಂಡು ಊರಿನ ವೃತ್ತಾಂತವನ್ನು ಬರೆಸಿಕೊಂಡರು. ಹೀಗೆ ಬರೆಸಿಕೊಂಡ ವೃತ್ತಾಂತಕ್ಕೆ ಕೈಫಿಯತ್ತು ಎಂದು ಹೆಸರು. ಕೆಲಸ ಸುಲಭವಾಗಿರಲಿಲ್ಲ. ಸರ್ಕಾರದ ಮನುಷ್ಯನು ಹಳೆಯ ದಾನಪತ್ರವನ್ನು ತೋರಿಸೆಂದರೆ ಹಳ್ಳಿಗನಿಗೆ ಏನೆನ್ನಿಸೀತು? ಪತ್ರವನ್ನು ತೋರಿಸಿದರೆ ಮಾನ್ಯ ಹೋದೀತೆಂಬ ಭಯ, ತೋರಿಸದಿದ್ದರೆ ಅಧಿಕಾರಿಯ ಕೋಪದ ಭಯ. 1800ರಲ್ಲಿ ಬಳ್ಳಾರಿಯ ಸೀಮೆಯು ನಿಜಾಮನಿಂದ ಕಂಪನಿಯ ವಶಕ್ಕೆ ಬಂದಿದ್ದಿತು. ಹೊಸ ಒಡೆಯರ ಕಂದಾಯ ಹೇಗಿರುವುದೋ ಎಂದು ಜನರು ಕಾತರರಾಗಿದ್ದ ಕಾಲವದು. ಆ ಸಂಶಯಕ್ಕೆ ಕಾರಣವಿರಲಿಲ್ಲವೆಂದು ಹೇಳುವಂತಿಲ್ಲ. ಒಂದೇ ದಫ್ತರವು ಚರಿತ್ರೆಗೂ ಆಧಾರವಾಗಬಲ್ಲದು, ತೆರಿಗೆಗೂ ಆಧಾರವಾಗಬಲ್ಲದು. ಹಾಗಿದ್ದೂ ಅನೇಕರು ಕೊಟ್ಟರು. ಕೆಲವರು ಗರಿಗಳ ಕಟ್ಟನ್ನೇ ಬಿಚ್ಚಿ ಮುಂದಿಟ್ಟರು, ಕೆಲವರು ನೆನಪಿನಿಂದ ಹೇಳಿದರು. ಕೈಫಿಯತ್ತುಗಳಲ್ಲಿ ದಂತಕಥೆಯೂ ಇದೆ, ವಂಶದ ಹೊಗಳಿಕೆಯೂ ಇದೆ. ಶಾಸನದೊಡನೆ ಹೋಲಿಸಿ ನೋಡದೆ ಅವನ್ನು ನಂಬುವುದು ತಪ್ಪು. ಆದರೆ ಆ ಊರಿನ ಜನರು ತಮ್ಮ ಊರನ್ನು ಹೇಗೆ ಕಂಡರೆಂಬುದು ಬೇರೆ ಯಾವ ಶಾಸನದಲ್ಲಿಯೂ ದೊರೆಯದು.

1811ರಲ್ಲಿ ಕಂಪನಿಯ ಸೈನ್ಯದೊಡನೆ ಮೆಕೆಂಜಿಯವರು ಜಾವಾಕ್ಕೆ ಹೋಗಬೇಕಾಯಿತು. ಅಲ್ಲಿಯೂ ಹಸ್ತಪ್ರತಿಗಳನ್ನು ಕೂಡಿಸುವುದನ್ನು ಅವರು ಬಿಡಲಿಲ್ಲ. 1815ರಲ್ಲಿ ಅವರು ಭಾರತದ ಮೊತ್ತಮೊದಲ ಸರ್ವೇಯರ್ ಜನರಲ್ ಆದರು. ಮರುವರ್ಷ ಥಾಮಸ್ ಹಿಕಿ ಎಂಬ ಕಲಾವಿದನು ಬರೆದ ಅವರ ಚಿತ್ರವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಕೆಂಪು ಅಂಗಿಯ ಮೆಕೆಂಜಿಯವರ ಜೊತೆಗೆ ಮೂವರು ಭಾರತೀಯರು ಅದರಲ್ಲಿದ್ದಾರೆ: ಓಲೆಗರಿಯನ್ನು ಹಿಡಿದ ಧರ್ಮಯ್ಯ, ಲಕ್ಷ್ಮಯ್ಯ ಮತ್ತು ದೂರದರ್ಶಕವನ್ನು ಹಿಡಿದ ಜವಾನ ಕೃಷ್ಣಾಜಿ. ಹಿನ್ನೆಲೆಯಲ್ಲಿ ಕಾರ್ಕಳದ ಗೊಮ್ಮಟ. ದೊರೆಗಳು ತಮ್ಮೊಬ್ಬರನ್ನೇ ಬರೆಸಿಕೊಳ್ಳುತ್ತಿದ್ದ ಆ ಕಾಲದಲ್ಲಿ ಈ ಚಿತ್ರವು ಅಪರೂಪದ್ದು.

1817ರಲ್ಲಿ ಲಕ್ಷ್ಮಯ್ಯನವರನ್ನೂ ಸಂಗ್ರಹವನ್ನೂ ಕರೆದೊಯ್ದು ಮೆಕೆಂಜಿಯವರು ಕಲ್ಕತ್ತೆಯಲ್ಲಿ ನೆಲೆಸಿದರು. ಎಲ್ಲವನ್ನೂ ಕ್ರಮಗೊಳಿಸಿ ಪಟ್ಟಿಮಾಡಬೇಕೆಂಬ ಆಸೆ ಅವರಿಗಿದ್ದಿತು. ಅದು ಕೈಗೂಡಲಿಲ್ಲ. 1821ರ ಮೇ 8ರಂದು ಅವರು ನಿಧನರಾದರು. ಅವರ ಸ್ವಂತ ಹಣವೂ ಬಹುಮಟ್ಟಿಗೆ ಈ ಸಂಗ್ರಹಕ್ಕೇ ವೆಚ್ಚವಾಗಿದ್ದಿತು. ಸರ್ಕಾರವು ಅದನ್ನು ಅವರ ವಿಧವೆಯಿಂದ 1,00,000 ರೂಪಾಯಿಗಳಿಗೆ ಕೊಂಡುಕೊಂಡಿತು. ಸಂಸ್ಕೃತ ವಿದ್ವಾಂಸ ವಿಲ್ಸನ್ ಅವರು 1828ರಲ್ಲಿ ಪ್ರಕಟಿಸಿದ ಪಟ್ಟಿಯ ಮೇರೆಗೆ ಅದರಲ್ಲಿದ್ದುದು 1,568 ಗ್ರಂಥಗಳ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು ಮತ್ತು 6,218 ನಾಣ್ಯಗಳು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ದಕ್ಷಿಣ ಭಾರತದ ಚರಿತ್ರೆಗೆ ಇಷ್ಟು ಸಾಮಗ್ರಿಯು ಆ ಹಿಂದೆ ಎಂದೂ ಒಟ್ಟುಗೂಡಿರಲಿಲ್ಲ.

ಇಷ್ಟೆಲ್ಲ ಬರಹಗಳು ಒಂದು ಕಡೆ ಸೇರಿದ ಮಾತ್ರಕ್ಕೆ ಜ್ಞಾನವು ಹರಡಿತೆಂದು ತಿಳಿಯಲಾಗದು. ಅವನ್ನು ಓದುವವರು ಬೇಕು. ಕಾವಲಿ ರಾಮಸ್ವಾಮಿಯವರು 1829ರಲ್ಲಿ ದಕ್ಷಿಣದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಲಕ್ಷ್ಮಯ್ಯನವರು ಒಡೆಯರ ಕೆಲಸವನ್ನು ಮುಂದುವರಿಸಲು ಅನುಮತಿಯನ್ನು ಬೇಡಿದರು. ಸಂಗ್ರಹದ ಒಂದೊಂದು ಕಟ್ಟಿನ ಗುರುತನ್ನೂ ಅವರಷ್ಟು ಬಲ್ಲವರು ಬೇರೆ ಯಾರಿದ್ದರು? ಆದರೂ 1836ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯು ಅದಕ್ಕೆ ಒಪ್ಪಲಿಲ್ಲ. ಅಂತಹ ವಿಮರ್ಶೆಯ ಕೆಲಸವು ದೇಶೀಯನೊಬ್ಬನಿಂದ ಆಗಲಾರದೆಂಬುದು ಅದರ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್ ಅವರ ಅಭಿಪ್ರಾಯ. ಬ್ರಾಹ್ಮೀ ಲಿಪಿಯನ್ನು ಓದಿ ಕೀರ್ತಿವಂತರಾದ ಆ ವಿದ್ವಾಂಸರೇ ಹೀಗೆ ನಿರ್ಣಯಿಸಿದುದು ವಿಷಾದದ ಸಂಗತಿ. ಹಸ್ತಪ್ರತಿಗಳನ್ನು ಪರಿಶೀಲಿಸುವ ಕಾರ್ಯವು ವಿಲಿಯಂ ಟೇಲರ್ ಎಂಬ ಪಾದ್ರಿಗೆ ದೊರೆಯಿತು.

ಸಂಗ್ರಹವೂ ಒಂದೆಡೆ ಉಳಿಯಲಿಲ್ಲ. ಒಂದು ಭಾಗವು ಲಂಡನ್ನಿಗೆ ಹೋಯಿತು, ದಕ್ಷಿಣದ ಭಾಷೆಗಳ ಹಸ್ತಪ್ರತಿಗಳಲ್ಲಿ ಬಹಳಷ್ಟು ಮದರಾಸಿಗೆ ಮರಳಿದುವು. ಲಂಡನ್ನಿನ ಕಂಪನಿಯ ಪುಸ್ತಕಭಂಡಾರದಲ್ಲಿ ಬಿದ್ದಿದ್ದ ಕೆಲವನ್ನು ತೆಲುಗು ವಿದ್ವಾಂಸ ಸಿ. ಪಿ. ಬ್ರೌನ್ ಅವರು ಗುರುತಿಸಿ ಮದರಾಸಿಗೆ ತರಿಸಿದರು. ಮದರಾಸಿನ ಸರ್ಕಾರೀ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವು ಬೆಳೆದುದು ಈ ಸಂಗ್ರಹವನ್ನು ಮೂಲವಾಗಿ ಇಟ್ಟುಕೊಂಡು. ಕನ್ನಡದ ಕೈಫಿಯತ್ತುಗಳು ಬಹುಕಾಲ ಅಲ್ಲಿ ಸಂಶೋಧಕರ ಕಣ್ಣಿಗೆ ಮಾತ್ರ ಬೀಳುತ್ತಿದ್ದುವು. ತಮ್ಮ ಊರಿನ ಶಾನುಭೋಗನು ಬರೆಸಿದ ಮಾತು ಎಲ್ಲಿದೆಯೆಂಬುದೇ ಆ ಊರಿನವರಿಗೆ ತಿಳಿದಿರಲಿಲ್ಲ.

1994ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಬೃಹತ್ ಗ್ರಂಥವು ಹೊರಬಂದಿತು. ಅದನ್ನು ಪ್ರಕಟಿಸಿದುದು 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಅದು ಇರುವುದು ಕಮಲಾಪುರದ ಬಳಿ, ಮೆಕೆಂಜಿಯವರು ಅರ್ಚಕರನ್ನು ಪ್ರಶ್ನಿಸಿದ ವಿರೂಪಾಕ್ಷನ ಗುಡಿಯಿಂದ ಕೆಲವೇ ಮೈಲಿಗಳ ದೂರದಲ್ಲಿ.