ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರು

ಪುಣೆಯ ಕನ್ನಡಿಗರಿಗೆ ಸಿಂಹಗಡ ಹೊಸದಲ್ಲ. ರಜೆಯ ದಿನ ಬೆಳಿಗ್ಗೆ ಗಡ ಹತ್ತಿ, ತಾನಾಜಿ ಮಾಲುಸರೆಯ ಸಮಾಧಿಗೆ ಕೈಮುಗಿದು, ಪಿಠಲ-ಭಾಕ್ರಿ ತಿಂದು ಇಳಿದವರು ಬಹಳ ಮಂದಿ. ಆದರೆ ಈ ಗಡದ ಕಥೆ ನೂರು ವರ್ಷಗಳ ಹಿಂದೆಯೇ ಕನ್ನಡದ ಕಾದಂಬರಿಯಾಗಿ ಧಾರವಾಡ, ಹಾವೇರಿ ಕಡೆಯ ಮನೆಗಳನ್ನು ಸೇರಿತ್ತೆಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಹಾಗೆ ತಲುಪಿಸಿದವರು ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರಲ್ಲಿ ಹಾವೇರಿ ತಾಲೂಕಿನ ಗಳಗನಾಥದಲ್ಲಿ ಜನಿಸಿದ ಅವರು ಊರ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡರು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಕನ್ನಡ ಶಾಲೆಯ ಮಾಸ್ತರರಾದರು. 1898ರಲ್ಲಿ ಬಂದ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ'ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು.

ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯದೇ ಮೇಲುಗೈ. ಓದುಬಲ್ಲ ಕನ್ನಡಿಗರೂ ಕಥೆ ಬೇಕೆಂದರೆ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದರು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು 1890ರಿಂದ 'ಕರಮಣೂಕ' ವಾರಪತ್ರಿಕೆ ನಡೆಸುತ್ತ ಬರೆದ ಕಾದಂಬರಿಗಳಿಗೆ ಮಹಾರಾಷ್ಟ್ರವೇ ಮರುಳಾಗಿತ್ತು. ಮರಾಠಿಯನ್ನು ಬಯ್ಯುತ್ತ ಕೂಡುವ ಬದಲು ಗಳಗನಾಥರು ಆ ಕಥೆಗಳನ್ನೇ ಕನ್ನಡಕ್ಕೆ ತಂದರು. ಜಾಣತನದ ಕೆಲಸವೇ ಸರಿ!

ಸಿಂಹಗಡದ ಕಥೆ ಕನ್ನಡದಲ್ಲಿ 'ಕಮಲಕುಮಾರಿ'ಯಾಯಿತು. ಮಗನ ಮದುವೆಯನ್ನು ಬದಿಗಿಟ್ಟು 1670ರಲ್ಲಿ ಗಡ ಗೆದ್ದು ಪ್ರಾಣಬಿಟ್ಟ ತಾನಾಜಿ ಇತಿಹಾಸದ ವ್ಯಕ್ತಿ. ದುಷ್ಟ ಉದಯಭಾನುವಿನ ಸೆರೆಗೆ ಸಿಕ್ಕಿದ ರಜಪೂತ ಹೆಣ್ಣು ಕಮಲಕುಮಾರಿ ಆಪಟೆಯವರ ಕಲ್ಪನೆ. ಮರಾಠಿ ಹೆಸರಿನಲ್ಲಿ ಗಡವೂ ಸಿಂಹವೂ ಇವೆ. ಕನ್ನಡದ ಹೆಸರಿನಲ್ಲಿರುವುದು ಆಕೆಯೊಬ್ಬಳೇ. ಒಬ್ಬರು ಗಟ್ಟಿಯಾಗಿ ಓದಿ ಮನೆಮಂದಿಯೆಲ್ಲ ಕೇಳುತ್ತಿದ್ದ ಕಾಲವದು. ಸೀತೆ, ದ್ರೌಪದಿಯರ ಕಷ್ಟ ಕೇಳಿ ಬೆಳೆದವರಿಗೆ ಸೆರೆಯಲ್ಲಿಯೂ ಧೈರ್ಯಗೆಡದ ಈ ಹೆಣ್ಣು ಪರಕೀಯಳೆನಿಸಲಿಲ್ಲ.

ಅವರ ಪಾತ್ರಗಳಲ್ಲಿ ಹೆಚ್ಚು ಕಾಡುವವಳು ಮಾತ್ರ ಮೆಹೆರ್ಜಾನ್. ಆಪಟೆಯವರ 'ವಜ್ರಾಘಾತ'ವನ್ನು ಗಳಗನಾಥರು 'ಕನ್ನಡಿಗರ ಕರ್ಮಕಥೆ' ಎಂದು ಕರೆದರು. ಆ ಒಂದು ಹೆಸರಿನಿಂದಲೇ ಪುಣೆಯಲ್ಲಿ ಹುಟ್ಟಿದ ಕಥೆ ಕನ್ನಡಿಗರ ಮನೆಯ ದುಃಖವಾಯಿತು. ವಿಜಯನಗರದ ರಾಮರಾಜ ಪ್ರೀತಿಸಿ ಕೈಬಿಟ್ಟ ಮುಸಲ್ಮಾನ ಹೆಣ್ಣು ಮೆಹೆರ್ಜಾನ್. ಅವರ ಮಗ ರಣಮಸ್ತಖಾನನೇ 1565ರ ಯುದ್ಧದಲ್ಲಿ ತಂದೆಗೆ ಎದುರಾಗಿ ನಿಲ್ಲುತ್ತಾನೆ. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ; ರಾಮರಾಜನ ಅಂತ್ಯವಾದದ್ದು ಶತ್ರುಗಳ ಕೈಯಲ್ಲಿ. ಆದರೂ ಸಾಮ್ರಾಜ್ಯದ ನಾಶಕ್ಕೆ ಪರಧರ್ಮದವರನ್ನಷ್ಟೇ ದೂರದೆ, ಒಬ್ಬ ಹೆಣ್ಣಿಗಾದ ಅನ್ಯಾಯವನ್ನು ಮುಂದಿಟ್ಟದ್ದು ಈ ಕಾದಂಬರಿಯ ದೊಡ್ಡತನ. ಓದುಗರ ಮರುಕ ರಾಜನಿಗಿಂತ ಮೊದಲು ಮೆಹೆರ್ಜಾನಳ ಕಡೆ ಹರಿಯುತ್ತದೆ. ಇಂದಿನವರಿಗೆ ನಡುನಡುವಿನ ಉಪದೇಶ ತುಸು ಉದ್ದವೆನಿಸಬಹುದು. ಗಳಗನಾಥರಲ್ಲಿ ಮಾಸ್ತರಿಕೆ ಕೊನೆಯವರೆಗೂ ಉಳಿದಿತ್ತು.

1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಅವರು ಕಟ್ಟಿ ಬೆಳೆಸಿದರು. ಆಮೇಲೆ 'ಸದ್ಗುರು' ಪತ್ರಿಕೆ ನಡೆಸಿದರು. ವಿಜಯನಗರ ಸ್ಥಾಪನೆಯ ಕಥೆಯುಳ್ಳ 'ಮಾಧವ ಕರುಣಾ ವಿಲಾಸ' 1923ರಲ್ಲಿ ಬಂತು.

ಬರೆದರಷ್ಟೇ ಸಾಲದು, ಕೊಳ್ಳುವವರು ಬೇಕಲ್ಲ? ಪುಸ್ತಕದ ಅಂಗಡಿಗಳೇ ಅಪರೂಪವಾಗಿದ್ದ ಸೀಮೆಯಲ್ಲಿ ಗಳಗನಾಥರು ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮೈಸೂರು ಸೀಮೆಯಲ್ಲಿ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ಜೊತೆಗೆ, ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರೆಂದು ಇವರ ಹೆಸರೂ ಸೇರಿಯೇ ಬರುತ್ತದೆ.

ಇಷ್ಟಾದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. 1915ರಿಂದ ನಡೆದುಬಂದ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷತೆಯೂ ಅವರ ಪಾಲಿಗೆ ಬರಲಿಲ್ಲ. ಬಡತನದಲ್ಲಿಯೇ ಬಾಳಿ 1942ರಲ್ಲಿ ತೀರಿಕೊಂಡರು. ಏಕೀಕೃತ ಕರ್ನಾಟಕವನ್ನು ನೋಡಲು ಅವರಿರಲಿಲ್ಲ.

ಅವರ ಪುಸ್ತಕಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. 'ಕನ್ನಡಿಗರ ಕರ್ಮಕಥೆ' ಅಂತರಜಾಲದ ಕನ್ನಡ ವಿಕಿಸೋರ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತದೆ. ಆಪಟೆಯವರ ಮೂಲ ಓದಬಲ್ಲ ಪುಣೆಯ ಕನ್ನಡಿಗರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮೆಹೆರ್ಜಾನ್ ಯಾವ ಭಾಷೆಯಲ್ಲಿ ಹೆಚ್ಚು ಅಳಿಸುತ್ತಾಳೆಂದು ನೋಡಬಹುದು.